ಆ ಹುಡುಗನ ಅಪ್ಪನಿಗೆ ಏನಾಯಿತು?

ನಾನು ಸುಳ್ಳು ಹೇಳಿದೆ. ಸಾಗರದ ನಮ್ಮ ಓದುಗರ ಕೂಟದಲ್ಲಿ ಎಂಟು ಜನರ ಎದುರು ಕುಳಿತು, ನಾತ್ಸುಮೆ ಸೋಸೆಕಿಯವರ ‘ಕೊಕೊರೊ’ ಕಾದಂಬರಿ ನನ್ನ ಮನಸ್ಸನ್ನು ಕಲಕಿತು ಎಂದು ಇಪ್ಪತ್ತು ನಿಮಿಷ ಮಾತಾಡಿದೆ. ಕಲಕಿರಲಿಲ್ಲ. ಕೊನೆಯ ಪುಟ ಮುಗಿಸಿ ಎದ್ದು ಹೋಗಿ ರಾತ್ರಿಯ ಅಡುಗೆಗೆ ಅಕ್ಕಿ ತೊಳೆದಿದ್ದೆ, ಅಷ್ಟೆ.

ಸುಳ್ಳಿಗೆ ಕಾರಣವಿತ್ತು. ಪುಸ್ತಕ ಕೊಟ್ಟ ಗೆಳತಿ ಅದನ್ನು ಓದಿ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲವಂತೆ. ಜಪಾನಿನಲ್ಲಿ ಈ ಕಾದಂಬರಿಯ ಒಂದು ಭಾಗ ದಶಕಗಳಿಂದ ಹೈಸ್ಕೂಲಿನ ಪಠ್ಯಪುಸ್ತಕಗಳಲ್ಲಿದೆ. ಅದನ್ನು ಓದದೆ ಬೆಳೆದವರು ಅಲ್ಲಿ ಕಡಿಮೆ. 1984ರಲ್ಲಿ ಬಂದ ಸಾವಿರ ಯೆನ್ ನೋಟಿನ ಮೇಲೆ ಇದ್ದದ್ದು ಸೋಸೆಕಿಯವರ ಮುಖ. ಒಂದು ದೇಶವೇ ಎದೆಗೆ ಹಚ್ಚಿಕೊಂಡ ಪುಸ್ತಕ ನನ್ನನ್ನು ತಟ್ಟಲಿಲ್ಲವೆಂದರೆ ಕೊರತೆ ನನ್ನಲ್ಲೇ ಇದೆ ಎಂದು ಹೆದರಿದೆ. ಆದರೆ ಮನೆಗೆ ನಡೆದು ಬರುವಾಗ ನಾಚಿಕೆಯಾಯಿತು. 31 ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವಳು ನಾನು. ಪದ್ಯ ಹಿಡಿಸದಿದ್ದರೆ ‘ಕವಿಯು ಸೊಗಸಾಗಿ ವರ್ಣಿಸಿದ್ದಾನೆ’ ಎಂದು ಬರೆಯಬೇಡಿ, ಯಾಕೆ ಹಿಡಿಸಲಿಲ್ಲ ಎಂದು ಬರೆಯಿರಿ ಎಂದು ಉತ್ತರ ಪತ್ರಿಕೆಗಳ ಮೇಲೆ ಕೆಂಪು ಶಾಯಿಯಲ್ಲಿ ಗೀಚಿದ ಕೈ ಇದು. ಹಾಗಾಗಿ ಆ ರಾತ್ರಿಯೇ ಪುಸ್ತಕವನ್ನು ಮತ್ತೆ ತೆಗೆದೆ.

ಓದದವರಿಗಾಗಿ ಕಥೆ ಇಷ್ಟು. ಟೋಕಿಯೋದಲ್ಲಿ ಓದುತ್ತಿರುವ ಹುಡುಗನೊಬ್ಬ ಕಾಮಾಕುರದ ಕಡಲ ತೀರದಲ್ಲಿ ಒಬ್ಬ ಹಿರಿಯರನ್ನು ನೋಡುತ್ತಾನೆ, ಅವರ ಸೆಳೆತಕ್ಕೆ ಬೀಳುತ್ತಾನೆ, ಅವರನ್ನು ‘ಸೆನ್ಸೇ’ ಎಂದು ಕರೆಯತೊಡಗುತ್ತಾನೆ. ಸೆನ್ಸೇ ಯಾವ ಕೆಲಸವನ್ನೂ ಮಾಡುವುದಿಲ್ಲ, ಯಾರನ್ನೂ ನಂಬುವುದಿಲ್ಲ, ಪ್ರತಿ ತಿಂಗಳು ಜೋಶಿಗಾಯದ ಸ್ಮಶಾನದಲ್ಲಿರುವ ಗೆಳೆಯನ ಸಮಾಧಿಗೆ ಒಬ್ಬರೇ ಹೋಗಿ ಬರುತ್ತಾರೆ. ಇದು ಮೊದಲ ಭಾಗ. ಎರಡನೆಯ ಭಾಗದಲ್ಲಿ ಹುಡುಗ ಪದವಿ ಮುಗಿಸಿ, ಮೂತ್ರಪಿಂಡದ ಕಾಯಿಲೆಯಿಂದ ನವೆಯುತ್ತಿರುವ ತಂದೆಯನ್ನು ನೋಡಲು ಊರಿಗೆ ಹೋಗುತ್ತಾನೆ. ತಂದೆಯ ಕೊನೆಯ ದಿನಗಳಲ್ಲಿ ಸೆನ್ಸೇ ಬರೆದ ದಪ್ಪನೆಯ ಪತ್ರ ಬರುತ್ತದೆ. ಮೂರನೆಯ ಭಾಗ ಆ ಪತ್ರವೇ. ಓದುವ ಕಾಲದಲ್ಲಿ ತಾನು ಮತ್ತು ತನ್ನ ಗೆಳೆಯ ಕೆ ಒಂದೇ ಮನೆಯಲ್ಲಿ ಬಾಡಿಗೆಗಿದ್ದದ್ದು, ಇಬ್ಬರೂ ಆ ಮನೆಯ ಮಗಳಿಗೆ ಮನಸೋತದ್ದು, ಕೆ ತನ್ನೆದುರು ಮನಸ್ಸು ತೋಡಿಕೊಂಡ ಮೇಲೆ ತಾನು ಅವನಿಗೆ ಹೇಳದೆ ಹುಡುಗಿಯ ತಾಯಿಯನ್ನು ಕೇಳಿ ಮದುವೆ ಗೊತ್ತುಮಾಡಿಕೊಂಡದ್ದು, ಕೆ ಪ್ರಾಣ ತೆಗೆದುಕೊಂಡದ್ದು, ಇದನ್ನೆಲ್ಲ ಸೆನ್ಸೇ ಬರೆದಿದ್ದಾರೆ. ಇನ್ನು ತಾನೂ ಉಳಿಯುವುದಿಲ್ಲ ಎಂದೂ ಬರೆದಿದ್ದಾರೆ.

ನನ್ನ ಪ್ರತಿ ಮೆರೆಡಿತ್ ಮೆಕಿನ್ನಿಯವರ 2010ರ ಇಂಗ್ಲಿಷ್ ಅನುವಾದ. ಎರಡನೆಯ ಓದಿಗೆ ಪೆನ್ಸಿಲ್ ಹಿಡಿದೆ. ನಿಯಮ ಸರಳವಾಗಿತ್ತು. ಓದುತ್ತ ತಾನಾಗಿ ನಿಂತ ಕಡೆ ಅಂಚಿನಲ್ಲಿ ಒಂದು ಗೆರೆ. ಇನ್ನೆಷ್ಟು ಪುಟ ಉಳಿದಿದೆ ಎಂದು ತಿರುವಿ ನೋಡಿದ ಕಡೆ ಒಂದು ಚುಕ್ಕೆ. ಒಳ್ಳೆಯ ವಾಕ್ಯ ಎಂದು ಮೆಚ್ಚಿ ಗೆರೆ ಎಳೆಯುವುದನ್ನು ನನಗೆ ನಾನೇ ನಿಷೇಧಿಸಿಕೊಂಡೆ. ಮೆಚ್ಚುಗೆ ಬೇರೆ, ತಟ್ಟುವುದು ಬೇರೆ. ಮೆಚ್ಚುಗೆಯನ್ನು ನಾನು ತರಗತಿಯಲ್ಲಿ ಬೇಕೆಂದಾಗ ತಂದುಕೊಳ್ಳುತ್ತಿದ್ದೆ. ಒಂದು ವಾರದ ಮೇಲೆ ಹಾಳೆಗಳನ್ನು ತಿರುವಿದಾಗ ನನಗೇ ಆಶ್ಚರ್ಯವಾಯಿತು. ಎಲ್ಲರೂ ಅತ್ತ ಮೂರನೆಯ ಭಾಗದಲ್ಲಿ ಚುಕ್ಕೆಗಳೇ ಚುಕ್ಕೆಗಳು. ಯಾರೂ ಹೆಚ್ಚು ಮಾತಾಡದ ಎರಡನೆಯ ಭಾಗದಲ್ಲಿ ಗೆರೆಯಿಲ್ಲದ ಪುಟವೇ ಇರಲಿಲ್ಲ.

ಹಾಗಾದರೆ ಪುಸ್ತಕ ನನ್ನನ್ನು ತಟ್ಟದೆ ಹೋಗಿರಲಿಲ್ಲ. ಎಲ್ಲೋ ಒಂದು ಕಡೆ ಅದು ಮತ್ತು ನಾನು ಬೇರೆ ದಾರಿ ಹಿಡಿದಿದ್ದೆವು. ಆ ಜಾಗ ಯಾವುದೆಂದು ತಿಳಿಯಬೇಕಿತ್ತು.

ಈ ಕಾದಂಬರಿ ಮೊದಲು ಬಂದದ್ದು ಪತ್ರಿಕೆಯಲ್ಲಿ. ಸೋಸೆಕಿ 1907ರಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕ ಕೆಲಸ ಬಿಟ್ಟು ಅಸಾಹಿ ಪತ್ರಿಕೆಗೆ ಸೇರಿದ್ದರು. ಕಾದಂಬರಿ ಬರೆಯುವುದೇ ಅಲ್ಲಿ ಅವರ ಉದ್ಯೋಗ. ‘ಕೊಕೊರೊ’ 1914ರ ಏಪ್ರಿಲ್ 20ರಿಂದ ಆಗಸ್ಟ್ 11ರವರೆಗೆ ಟೋಕಿಯೋದ ಅಸಾಹಿಯಲ್ಲಿ 110 ಕಂತುಗಳಾಗಿ ಹರಿಯಿತು. ಮೊದಲ ಭಾಗಕ್ಕೆ 36, ಎರಡನೆಯದಕ್ಕೆ 18, ಸೆನ್ಸೇಯ ಪತ್ರಕ್ಕೆ 56. ಪುಸ್ತಕದಲ್ಲಿಯೂ ಅಧ್ಯಾಯಗಳು ಹಾಗೆಯೇ ಉಳಿದಿವೆ. ಎರಡು ದಿನದಲ್ಲಿ ಗಟಗಟನೆ ಕುಡಿದುಬಿಟ್ಟದ್ದನ್ನು ಇನ್ನು ಆ ಕಾಲದ ಓದುಗರಂತೆ ದಿನಕ್ಕೊಂದು ಕಂತಾಗಿ ಓದೋಣ ಎಂದುಕೊಂಡೆ. ಒಬ್ಬಳೇ ಓದಿದರೆ ಮತ್ತೆ ಅವಸರ ಮಾಡುತ್ತೇನೆ ಎಂಬ ಭಯವಿತ್ತು. ಆದ್ದರಿಂದ ಅಮ್ಮನಿಗೆ ಓದಿ ಹೇಳಲು ಶುರುಮಾಡಿದೆ.

ಅಮ್ಮನಿಗೆ 84. ಸಣ್ಣ ಅಕ್ಷರ ಕಾಣುವುದಿಲ್ಲ, ಕಿವಿ ಚುರುಕಾಗಿದೆ. ದೀಪ ಹಚ್ಚಿದ ಮೇಲೆ ಜಗುಲಿಯಲ್ಲಿ ಹೂಬತ್ತಿ ಹೊಸೆಯುತ್ತ ಕೂರುತ್ತಾಳೆ. ಮಧ್ಯಾಹ್ನ ನಾನು ಅಂದಿನ ಕಂತನ್ನು ಎರಡು ಸಲ ಓದಿಟ್ಟುಕೊಂಡು, ಸಂಜೆ ಪುಸ್ತಕ ಹಿಡಿದು ಕನ್ನಡದಲ್ಲಿ ಹೇಳುತ್ತಿದ್ದೆ. ಇಪ್ಪತ್ತು ನಿಮಿಷದ ಕೆಲಸ. ಆದರೆ ಮೊದಲ ದಿನವೇ ಮೊದಲ ವಾಕ್ಯದಲ್ಲಿ ಸಿಕ್ಕಿಬಿದ್ದೆ. ಸೆನ್ಸೇ ಎಂದರೆ ಏನೆನ್ನಲಿ? ಗುರುಗಳು ಎಂದರೆ ಕಾವಿ ಬಟ್ಟೆ ಕಣ್ಣಮುಂದೆ ಬರುತ್ತದೆ. ಮೇಷ್ಟ್ರು ಎಂದೆ.

“ಯಾವ ಶಾಲೆಯ ಮೇಷ್ಟ್ರು?” ಎಂದಳು ಅಮ್ಮ.

“ಯಾವ ಶಾಲೆಯದೂ ಅಲ್ಲ. ಸುಮ್ಮನೆ ಗೌರವಕ್ಕೆ.”

“ಪಾಠ ಹೇಳದವರಿಗೆ ಮೇಷ್ಟ್ರು ಅನ್ನುವುದು ಸರಿಯಲ್ಲ.”

ಮರುದಿನದಿಂದ ಸೆನ್ಸೇ ಎಂದೇ ಓದಿದೆ. ಹೆಸರೇ ಅದು ಎಂದು ಅಮ್ಮ ತಿಳಿದಳು, ನಾನು ತಿದ್ದಲಿಲ್ಲ. ಪುಸ್ತಕದ ಹೆಸರಿನದೂ ಇದೇ ಪಾಡು. ಕೊಕೊರೊ ಎಂದರೆ ಮನಸ್ಸು, ಹೃದಯವೂ ಹೌದು. ನಾವು ‘ಒಳಗೆ ಏನೋ ಆಯಿತು’ ಎನ್ನುವಾಗಿನ ಆ ‘ಒಳಗು’ ಅದಕ್ಕೆ ಹತ್ತಿರ ಎಂದು ನನಗನ್ನಿಸುತ್ತದೆ.

ಮೊದಲ 36 ದಿನಗಳಲ್ಲಿ ಅಮ್ಮನಿಗೆ ಹಿಡಿಸಿದ್ದು ಸೆನ್ಸೇಯ ಹೆಂಡತಿ ಮಾತಾಡುವ ಕಂತುಗಳು. ಗಂಡ ಇಲ್ಲದ ಸಂಜೆ, ಮನೆ ಕಾಯಲು ಬಂದ ಹುಡುಗನ ಎದುರು ಆಕೆ ಕಣ್ಣೀರಿಡುತ್ತಾಳೆ. ನನ್ನಲ್ಲಿ ತಪ್ಪಿದ್ದರೆ ಹೇಳಿ, ತಿದ್ದಿಕೊಳ್ಳುತ್ತೇನೆ ಎಂದು ಗಂಡನನ್ನು ಕೇಳಿದ್ದಾಳೆ. ನಿನ್ನಲ್ಲಿ ತಪ್ಪಿಲ್ಲ, ಇರುವುದೆಲ್ಲ ನನ್ನಲ್ಲೇ ಎಂದಷ್ಟೇ ಅವರು ಹೇಳಿದ್ದಾರೆ. ಆ ಉತ್ತರ ಕೇಳಿ ತನಗೆ ಇನ್ನಷ್ಟು ದುಃಖವಾಯಿತು ಎನ್ನುತ್ತಾಳೆ. “ಪಾಪ, ಅವಳಿಗೆ ಯಾರಾದರೂ ಹೇಳಬೇಕು” ಎಂದಳು ಅಮ್ಮ. ಮುಂದೆ ಏನಾಗುತ್ತದೆಂದು ಗೊತ್ತಿದ್ದ ನಾನು ಸುಮ್ಮನಿದ್ದೆ.

37ನೆಯ ದಿನ ಹುಡುಗ ಊರಿಗೆ ಹೋದ. ಅಲ್ಲಿಂದ 18 ದಿನ ನಮ್ಮ ಜಗುಲಿಯೇ ಬದಲಾಯಿತು.

ಸೋಸೆಕಿ ಈ ಭಾಗದಲ್ಲಿ ದೊಡ್ಡ ಮಾತು ಯಾವುದನ್ನೂ ಆಡುವುದಿಲ್ಲ. ಮಗ ತಂದ ಪದವಿ ಪತ್ರ ಸಾಮಾನಿನ ಮಧ್ಯೆ ಸಿಕ್ಕಿ ಮುದುಡಿದೆ. ತಾಯಿ ಒಳಗೆ ಗಟ್ಟಿ ರಟ್ಟು ಏನಾದರೂ ಇಟ್ಟು ಸುತ್ತಿ ತರಬಾರದಿತ್ತೇ ಎನ್ನುತ್ತಾಳೆ. ತಂದೆ ಅದನ್ನು ನಡುಮನೆಯಲ್ಲಿ ಎಲ್ಲರಿಗೂ ಕಾಣುವ ಜಾಗದಲ್ಲಿ, ಚಿತ್ರಪಟ ತೂಗುಹಾಕುವ ಗೋಡೆಯ ಗೂಡಿನಲ್ಲಿ ನಿಲ್ಲಿಸಲು ನೋಡುತ್ತಾನೆ. ಮುದುಡಿದ ದಪ್ಪ ಕಾಗದ ನಿಲ್ಲುವುದಿಲ್ಲ, ಬೀಳುತ್ತದೆ. ಮತ್ತೆ ನಿಲ್ಲಿಸುತ್ತಾನೆ. ನೀನು ಪಾಸಾದದ್ದು ನಿನಗಿಂತ ನನಗೆ ಸಂತೋಷ, ನಾನು ಗಟ್ಟಿಯಾಗಿರುವಾಗಲೇ ಆಯಿತಲ್ಲ ಎಂದು ತಂದೆ ಹೇಳಿದಾಗ, ಹಳ್ಳಿಯವರ ಸಡಗರ ಕಂಡು ಒಳಗೇ ಬೇಸರಪಡುತ್ತಿದ್ದ ಮಗನಿಗೆ ಬಾಯಿ ಬರುವುದಿಲ್ಲ. ಊರವರನ್ನು ಕರೆದು ಊಟ ಹಾಕಬೇಕೆಂದು ತಂದೆ ತಾಯಿ ಗೊತ್ತುಮಾಡುತ್ತಾರೆ. ಅಷ್ಟರಲ್ಲಿ ಮೇಜಿ ಚಕ್ರವರ್ತಿಗೆ ಕಾಯಿಲೆ ಎಂಬ ಸುದ್ದಿ ಬಂದು ಊಟ ನಿಂತುಹೋಗುತ್ತದೆ. 1912ರ ಜುಲೈ 30ರಂದು ಚಕ್ರವರ್ತಿ ತೀರಿಕೊಂಡಾಗ, ಪತ್ರಿಕೆ ಹಿಡಿದ ತಂದೆ ‘ಅಯ್ಯೋ, ಚಕ್ರವರ್ತಿಗಳೂ ಹೊರಟುಹೋದರು, ನಾನೂ...’ ಎಂದು ಅಲ್ಲಿಗೇ ನಿಲ್ಲಿಸುತ್ತಾನೆ. ಹಿಂದೊಮ್ಮೆ ಮಗ ಊರಿನಿಂದ ಮರಳುವಾಗ ಸೆನ್ಸೇಗೆ ಕೊಡಲೆಂದು ಒಣ ಅಣಬೆ ಕಟ್ಟಿಕೊಟ್ಟ ಮನೆಯದು. ಅದನ್ನು ಓದಿದ ದಿನ ಅಮ್ಮ ನಕ್ಕಿದ್ದಳು. ನಾನು ಶಿವಮೊಗ್ಗದಲ್ಲಿ ಓದುವಾಗ ಅಪ್ಪ ನನ್ನ ಅಧ್ಯಾಪಕರಿಗೆ ಅಪ್ಪೆಮಿಡಿಯ ಭರಣಿ ಕಳಿಸುತ್ತಿದ್ದರು.

ನಮ್ಮ ಅಪ್ಪನದೂ ಮೂತ್ರಪಿಂಡದ ಕಾಯಿಲೆ. ವಾರಕ್ಕೆ ಎರಡು ಸಲ ಶಿವಮೊಗ್ಗಕ್ಕೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದೆ. ಸೋಸೆಕಿಯ ಕಾಲದಲ್ಲಿ ಅದಿರಲಿಲ್ಲ, ಆದರೆ ಉಳಿದದ್ದೆಲ್ಲ ಹಾಗೆಯೇ ಇತ್ತು. ಒಂದು ದಿನ ಹಗುರಾದರೆ ಗುಣವಾಯಿತೆಂದು ನಂಬುವುದು. ನೋಡಲು ಬಂದವರು ಅಂಗಳಕ್ಕಿಳಿದ ಮೇಲೆ ತಗ್ಗಿದ ದನಿಯಲ್ಲಿ ಮಾತಾಡುವುದು. ಕಾದಂಬರಿಯಲ್ಲಿ ಅಣ್ಣ ಕ್ಯೂಶುವಿನಿಂದ ಬರುತ್ತಾನೆ. ತಂದೆ ಹೋದ ಮೇಲೆ ಅಮ್ಮನ ಜೊತೆ ಈ ಮನೆಯಲ್ಲಿ ಯಾರಿರಬೇಕು ಎಂದು ಅಣ್ಣ ತಮ್ಮಂದಿರು ತಂದೆ ಇನ್ನೂ ಉಸಿರಾಡುತ್ತಿರುವಾಗಲೇ ಮಾತಾಡಿಕೊಳ್ಳುತ್ತಾರೆ. ಅವರು ಕೆಟ್ಟವರಲ್ಲ. ಆ ಮಾತು ಎಲ್ಲ ಮನೆಗಳಲ್ಲಿಯೂ ಬರುತ್ತದೆ, ನಮ್ಮಲ್ಲಿಯೂ ಬಂದಿತ್ತು.

54ನೆಯ ಸಂಜೆ, ಎರಡನೆಯ ಭಾಗದ ಕೊನೆಯ ಕಂತು. ಸೆನ್ಸೇಯ ಪತ್ರ ಬಂದಿದೆ. ಬಿಡಿಸಿ ಓದಲು ಬಿಡುವಿಲ್ಲ, ತಂದೆಯ ಕೋಣೆಯಿಂದ ಕರೆ ಬರುತ್ತಲೇ ಇದೆ. ಹಾಳೆಗಳನ್ನು ಸುಮ್ಮನೆ ತಿರುವುವಾಗ, ಈ ಪತ್ರ ನಿನ್ನ ಕೈ ಸೇರುವ ಹೊತ್ತಿಗೆ ನಾನು ಸತ್ತಿರುತ್ತೇನೆ ಎಂಬ ಸಾಲು ಕಣ್ಣಿಗೆ ಬೀಳುತ್ತದೆ. ತಂದೆ ಇನ್ನೆರಡು ಮೂರು ದಿನ ತಡೆಯುವನೇ ಎಂದು ಕೇಳಲು ಹುಡುಗ ವೈದ್ಯರ ಮನೆಗೆ ಓಡುತ್ತಾನೆ. ವೈದ್ಯರಿಲ್ಲ. ಕಾಯಲಾರದೆ ರಿಕ್ಷಾ ಹಿಡಿದು ನಿಲ್ದಾಣಕ್ಕೆ ಹೋಗುತ್ತಾನೆ. ತಾಯಿಗೂ ಅಣ್ಣನಿಗೂ ಪೆನ್ಸಿಲ್ಲಿನಲ್ಲಿ ನಾಲ್ಕು ಸಾಲು ಗೀಚಿ ರಿಕ್ಷಾದವನ ಕೈಗೆ ಕೊಡುತ್ತಾನೆ, ಟೋಕಿಯೋ ರೈಲಿನ ಮೂರನೆಯ ದರ್ಜೆಯಲ್ಲಿ ಕೂತು ಪತ್ರ ಬಿಚ್ಚುತ್ತಾನೆ.

ಅಮ್ಮನ ಕೈಯ ಬತ್ತಿ ನಿಂತಿತ್ತು. “ನಾಳೆ ಅವನ ಅಪ್ಪನ ಸುದ್ದಿ ಬರುತ್ತದಲ್ಲ?”

“ಬರುವುದಿಲ್ಲ ಅಮ್ಮ. ನಾಳೆಯಿಂದ ಸೆನ್ಸೇಯ ಪತ್ರ.”

“ಎಷ್ಟು ದಿನ?”

“56.”

“ಅಷ್ಟು ದಿನ ಅವನ ಅಪ್ಪ ಹಾಗೆಯೇ ಮಲಗಿರುತ್ತಾನಾ?”

ನನಗೆ ಬೇಕಿದ್ದ ಜಾಗ ಸಿಕ್ಕಿತ್ತು. ಮೊದಲ ಓದಿನಲ್ಲಿ ನಾನು ಆ ರೈಲು ಹತ್ತಿರಲೇ ಇಲ್ಲ. ಪುಸ್ತಕ ಹುಡುಗನ ಜೊತೆ ಟೋಕಿಯೋಗೆ ಹೋಯಿತು, ನಾನು ಆ ಹಳ್ಳಿಮನೆಯಲ್ಲಿ ಹಾಸಿಗೆಯ ಪಕ್ಕದಲ್ಲಿ ಉಳಿದುಬಿಟ್ಟೆ. ಕಣ್ಣು ಮಾತ್ರ 56 ಕಂತುಗಳ ಮೇಲೆ ಹಾದುಹೋಯಿತು. ಹೀಗಾಗಲು ಕಾರಣವೂ ನನಗೆ ಗೊತ್ತಿದೆ. ಅಪ್ಪನ ಕೊನೆಯ ವಾರದಲ್ಲಿ ತಮ್ಮ ರಾತ್ರಿಯ ರೈಲಿಗೆ ಹೊರಟುಹೋದ. ಹೊಸ ಕೆಲಸ, ರಜೆ ಮುಗಿದಿತ್ತು. ಮೂರನೆಯ ದಿನ ಅಪ್ಪ ಹೋದರು. ತಮ್ಮ ಬಂದ, ಕಾರ್ಯಗಳನ್ನೆಲ್ಲ ಶ್ರದ್ಧೆಯಿಂದ ಮಾಡಿದ. ಆದರೆ ಕೊನೆಯ ಗಳಿಗೆ ಹೇಗಿತ್ತು ಎಂದು ಅವನು ಇಂದಿಗೂ ಕೇಳಿಲ್ಲ, ನಾನೂ ಹೇಳಿಲ್ಲ. ಕಾದಂಬರಿಯ ಹುಡುಗ ಎಷ್ಟೋ ಕಾಲದ ಮೇಲೆ ಈ ಕಥೆಯನ್ನು ಬರೆಯುತ್ತಿದ್ದಾನೆ; ಕಡಲ ತೀರದಲ್ಲಿ ಸೆನ್ಸೇಯನ್ನು ಕಂಡ ಬಗೆ ಅವನಿಗೆ ಅಚ್ಚಳಿಯದೆ ನೆನಪಿದೆ. ಅಪ್ಪ ಹೇಗೆ ಹೋದನೆಂಬುದಕ್ಕೆ ಒಂದು ಸಾಲೂ ಇಲ್ಲ.

ಅಮ್ಮ ಮುಂದಿನ ಭಾಗ ಬೇಡ ಎಂದಳು. ನಾನು ಒಬ್ಬಳೇ ಮುಂದುವರಿಸಿದೆ, ದಿನಕ್ಕೊಂದರಂತೆಯೇ. ಈ ಸಲ ನ್ಯಾಯವಾಗಿ ಓದಿದೆ ಎಂದು ಹೇಳಬಲ್ಲೆ. ಕೆ ಎಷ್ಟು ಜೀವಂತ ಮನುಷ್ಯ ಎಂದು ಮೊದಲ ಓದಿನಲ್ಲಿ ನನಗೆ ಕಂಡಿರಲಿಲ್ಲ. ಬೌದ್ಧ ಪುರೋಹಿತರ ಮನೆಯಲ್ಲಿ ಹುಟ್ಟಿ, ವೈದ್ಯರ ಮನೆಗೆ ದತ್ತು ಹೋಗಿ, ಅವರು ಕಳಿಸಿದ ವೈದ್ಯಕೀಯ ಬಿಟ್ಟು ತನಗೆ ಬೇಕಾದ್ದನ್ನು ಓದಿ, ಎರಡೂ ಮನೆಗಳಿಂದ ಹೊರಬಿದ್ದವನು. ಆತ್ಮೋನ್ನತಿಯ ಹಂಬಲವಿಲ್ಲದವನು ಮೂರ್ಖ ಎಂದು ಹಿಂದೊಮ್ಮೆ ಸೆನ್ಸೇಗೆ ಹೇಳಿದ್ದ. ಪ್ರೀತಿಯಲ್ಲಿ ಸಿಕ್ಕಿ ಒದ್ದಾಡುತ್ತಿರುವ ಕೆಗೆ ಉಯೆನೋ ಉದ್ಯಾನದಲ್ಲಿ ಸೆನ್ಸೇ ಅದೇ ಮಾತನ್ನು ತಿರುಗಿಸಿ ಎಸೆಯುತ್ತಾರೆ, ಎರಡು ಸಲ. ಆ ಕಂತಿನ ದಿನ ಒಂದು ಉದ್ದನೆಯ ಗೆರೆ ಎಳೆದೆ. ಕೆ ಬಿಟ್ಟುಹೋದ ಚೀಟಿಯಲ್ಲಿ ಸೆನ್ಸೇಯ ಬಗ್ಗೆ ದೂರಿನ ಒಂದು ಮಾತೂ ಇಲ್ಲ ಎಂದು ಓದಿದ ಸಂಜೆ ಊಟ ಸೇರಲಿಲ್ಲ.

ಆದರೆ ಸೆನ್ಸೇಗಾಗಿ ನನ್ನ ಮನಸ್ಸು ಕರಗಲಿಲ್ಲ. ಜಪಾನಿನ ಸೇನಾನಾಯಕ ಜನರಲ್ ನೋಗಿ 1912ರ ಸೆಪ್ಟೆಂಬರ್ 13ರಂದು, ಚಕ್ರವರ್ತಿಯ ಅಂತ್ಯಸಂಸ್ಕಾರದ ದಿನ, ಹೆಂಡತಿಯ ಜೊತೆ ಪ್ರಾಣ ಬಿಟ್ಟರು. 1877ರ ಯುದ್ಧದಲ್ಲಿ ಧ್ವಜ ಕಳೆದುಕೊಂಡ ನಾಚಿಕೆಯನ್ನು 35 ವರ್ಷ ಹೊತ್ತಿದ್ದೆ ಎಂದು ಬರೆದಿಟ್ಟು ಹೋದರು. ಬದುಕಿದ ಆ 35 ವರ್ಷ ಕಷ್ಟವೋ, ಕತ್ತಿ ಇಳಿದ ಆ ಗಳಿಗೆ ಕಷ್ಟವೋ ಎಂದು ಸೆನ್ಸೇ ಕೇಳಿಕೊಳ್ಳುತ್ತಾರೆ. ಎರಡು ಮೂರು ದಿನಗಳ ಮೇಲೆ ತಾವೂ ಹೊರಡಲು ನಿಶ್ಚಯಿಸುತ್ತಾರೆ. ಒಂದು ಯುಗ ಮುಗಿದಾಗ ಅದರ ಜೊತೆಗೇ ಮುಗಿಯಬೇಕೆನ್ನಿಸುವ ಮನಸ್ಸನ್ನು ನಾನು ಬುದ್ಧಿಯಿಂದ ಅರ್ಥಮಾಡಿಕೊಂಡೆ. ಒಳಗೆ ಹೋಗಲಿಲ್ಲ. ಅದಕ್ಕೆ ಅಡ್ಡ ನಿಂತವಳು ಆ ಹೆಂಡತಿ. ಸೆನ್ಸೇ ಪತ್ರದ ಕೊನೆಯಲ್ಲಿ ಬೇಡುವುದು, ತನ್ನ ಹೆಂಡತಿ ಬದುಕಿರುವವರೆಗೆ ಇದೆಲ್ಲ ಗುಟ್ಟಾಗಿಯೇ ಇರಲಿ, ಅವಳ ನೆನಪುಗಳು ಕಲೆಯಿಲ್ಲದೆ ಉಳಿಯಲಿ ಎಂದು. ತಪ್ಪು ನನ್ನದೇ ಎಂದು ವರ್ಷಗಟ್ಟಲೆ ಕೊರಗಿದವಳಿಗೆ ಕಾರಣ ತಿಳಿಯುವುದು ಬೇಡ, ಯಾವಾಗಲೋ ಸಿಕ್ಕಿದ ಒಬ್ಬ ವಿದ್ಯಾರ್ಥಿಗೆ ತಿಳಿದರೆ ಸಾಕು! ಅವಳ ಒಳ್ಳೆಯದಕ್ಕೆಂದೇ ಅವಳಿಗೆ ಹೇಳದೆ ಉಳಿಯುವ ಈ ಕರುಣೆಯನ್ನು ನಾನು ನಮ್ಮ ಮನೆಗಳಲ್ಲಿ ಬಹಳ ಕಂಡಿದ್ದೇನೆ. ಅಪ್ಪನ ಕಾಯಿಲೆ ಎಷ್ಟು ಮುಂದುವರಿದಿದೆ ಎಂದು ಅಮ್ಮನಿಗೆ ಕೊನೆಯವರೆಗೂ ಯಾರೂ ಹೇಳಲಿಲ್ಲ. ಯಾರೂ ಎಂಬುದರಲ್ಲಿ ನಾನೂ ಇದ್ದೇನೆ.

110 ದಿನ ಮುಗಿದ ಮೇಲಿನ ತಿಂಗಳು ಕೂಟದಲ್ಲಿ ಎದ್ದು ನಿಂತು, ಹಿಂದೆ ಹೇಳಿದ್ದು ಸುಳ್ಳು ಎಂದೆ. ಪೆನ್ಸಿಲ್ ಗೆರೆಗಳ ಪುಸ್ತಕವನ್ನು ಎಲ್ಲರ ಕೈಗೆ ಕೊಟ್ಟೆ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ನನ್ನನ್ನು ಒಪ್ಪಲಿಲ್ಲ. ಸೋಸೆಕಿ ಆ ಅಪ್ಪನನ್ನು ಮರೆತದ್ದಲ್ಲ, ಹುಡುಗ ಮರೆತದ್ದನ್ನು ತೋರಿಸಿದ್ದು ಎಂದರು. ಸೆನ್ಸೇ ಗೆಳೆಯನಿಗೆ ಬಗೆದದ್ದನ್ನೇ ಹುಡುಗ ತಂದೆಗೆ ಬಗೆದ, ಅವನೂ ಇನ್ನು ಬದುಕಿಡೀ ಒಂದು ಸಮಾಧಿ ಹೊತ್ತು ತಿರುಗುವವನೇ, ಅದಕ್ಕೇ ಆ ಪತ್ರ ಅವನಿಗೆ ಬಂದದ್ದು ಎಂದರು. ಒಳ್ಳೆಯ ಓದು ಅದು. ಕಟ್ಟಡದ ಲೆಕ್ಕದಲ್ಲಿ ಅವರೇ ಸರಿ ಎಂದು ನಾನು ಅಲ್ಲಿಯೇ ಒಪ್ಪಿಕೊಂಡೆ. ಆದರೆ ಸರಿ ಎಂದು ತಿಳಿದ ಮಾತ್ರಕ್ಕೆ ಕಣ್ಣು ಒದ್ದೆಯಾಗುವುದಿಲ್ಲ.

ಅವರೇ ಇನ್ನೊಂದು ವಿಷಯ ಹೇಳಿದರು. 1867ರಲ್ಲಿ ಹುಟ್ಟಿದ ಸೋಸೆಕಿಯನ್ನು ಎಳೆಯದರಲ್ಲೇ ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ಮರಳಿ ಬಂದಾಗ ಸ್ವಂತ ತಂದೆ ತಾಯಿಯನ್ನೇ ಅಜ್ಜ ಅಜ್ಜಿ ಎಂದು ತಿಳಿದಿದ್ದ ಹುಡುಗನಿಗೆ, ಮನೆಗೆಲಸದವಳೊಬ್ಬಳು ರಾತ್ರಿ ಹಾಸಿಗೆಯ ಬಳಿ ಬಂದು, ಅವರು ನಿನ್ನ ಅಪ್ಪ ಅಮ್ಮನೇ ಎಂದು ಕಿವಿಯಲ್ಲಿ ಹೇಳಿದಳು. 1915ರಲ್ಲಿ ಬರೆದ ನೆನಪುಗಳಲ್ಲಿ ಸೋಸೆಕಿ ಇದನ್ನು ದಾಖಲಿಸಿದ್ದಾರೆ. ತನಗೆ ಆದ ಸಂತೋಷ ಸತ್ಯ ತಿಳಿದದ್ದಕ್ಕಲ್ಲ, ಅವಳು ಅಷ್ಟು ಪ್ರೀತಿಯಿಂದ ಹೇಳಿದಳಲ್ಲ, ಅದಕ್ಕೆ ಎಂದಿದ್ದಾರೆ. ಕೇಳುತ್ತಿದ್ದಂತೆ ನನ್ನ ಗಂಟಲು ಕಟ್ಟಿತು. ಕಾದಂಬರಿಯ ಕೊನೆಯಲ್ಲಿ ಕಟ್ಟಬೇಕಿದ್ದ ಗಂಟಲು ಇಲ್ಲಿ ಕಟ್ಟಿತು. ಇದಕ್ಕೆ ನಾನೇನು ಮಾಡಲಿ?

ಗೆಳತಿಗೆ ಪುಸ್ತಕ ಹಿಂದಿರುಗಿಸಲು ಹೋದಾಗ ಎರಡನೆಯ ಭಾಗ ತೆರೆದು ತೋರಿಸಿದೆ. ಅವಳಿಗೆ ಆ ಪದವಿ ಪತ್ರ ಬೀಳುವುದು ನೆನಪೇ ಇರಲಿಲ್ಲ. ಅವಳು ಅತ್ತದ್ದು ಕೆಗಾಗಿ. ಕಾಲೇಜಿನ ದಿನಗಳಲ್ಲಿ ಅವಳಿಗೆ ಅಂಥ ಗೆಳೆಯನೊಬ್ಬನಿದ್ದನೆಂದು ಅವತ್ತು ಮೊದಲ ಬಾರಿ ಹೇಳಿದಳು. ಪುಸ್ತಕವನ್ನು ನೀನೇ ಇಟ್ಟುಕೋ ಎಂದಳು. ತಮ್ಮನಿಗೆ ಕಳಿಸೋಣವೇ ಎಂದು ಒಮ್ಮೆ ಅನ್ನಿಸಿತು. ಕಳಿಸಿಲ್ಲ.

ಮೊನ್ನೆ ಸಂಜೆ ಕರೆಂಟು ಹೋಗಿತ್ತು, ಮಳೆ ಹಿಡಿದಿತ್ತು. ಅಮ್ಮ ಕತ್ತಲಲ್ಲಿಯೇ ಕೇಳಿದಳು, ಆ ಜಪಾನಿನ ಅಪ್ಪ ಮಗನ ಕಾಗದ ನಿಲ್ಲಿಸುತ್ತಾನಲ್ಲ, ಅದನ್ನು ಇನ್ನೊಮ್ಮೆ ಓದು ಎಂದು. ಮೊಬೈಲಿನ ಬೆಳಕಿನಲ್ಲಿ ಓದಿದೆ. ಕಾಗದ ಬಿತ್ತು ಎನ್ನುವಲ್ಲಿಗೆ ಬಂದಾಗ ಅಮ್ಮ ಕೈ ತಡೆದಳು. “ಗೋಡೆಗೆ ಆನಿಸಿ, ಕೆಳಗೆ ಏನಾದರೂ ಭಾರದ್ದು ಇಡಬೇಕಿತ್ತು” ಎಂದಳು, “ನಿನ್ನ ಅಪ್ಪ ನಿನ್ನದಕ್ಕೆ ಪಂಚಪಾತ್ರೆ ಇಟ್ಟಿದ್ದರು.”